ಮುಂಗಡದ ಪಕ್ಕಕ್ಕೆ ಇನ್ನೊಂದು ಕಾಲಂ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಗೆ ಘಟಕಗಳ ಮಾಲೀಕರು ಮತ್ತು ಕೆಲಸಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೂತವರು ಕೇಳಿದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸಣ್ಣ ಘಟಕಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಹಾಗಾಗಿ ಬಟವಾಡೆ ಪುಸ್ತಕ ಅಂದರೆ ನನಗೆ ಚೆನ್ನಾಗಿ ಗೊತ್ತು. ಉದ್ದನೆಯ ನೋಟ್‌ಬುಕ್. ಮೊದಲ ಪುಟದಲ್ಲಿ ಅರಿಶಿನ ಕುಂಕುಮ, ಇಲ್ಲಾ 786. ಒಳಗೆ ಹೆಸರು, ಸೋಮವಾರದಿಂದ ಶನಿವಾರದವರೆಗೆ ಹೊಲಿದ ಪೀಸ್ ಎಷ್ಟು, ರೇಟ್ ಎಷ್ಟು, ಒಟ್ಟು ಎಷ್ಟು. ಅದರ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಬರೆದ ಒಂದು ಕಾಲಂ: ಮುಂಗಡ. ಕೊನೆಯಲ್ಲಿ ಕೈಗೆ ಕೊಟ್ಟಿದ್ದು.

ಆ ಕೆಂಪು ಕಾಲಂ ನೋಡಿ. ಮಗಳ ಮದುವೆಗೆ 20,000 ತೆಗೆದುಕೊಂಡಿದ್ದು, ವಾರಕ್ಕೆ 500 ಕಟ್. ಹಬ್ಬಕ್ಕೆ 5,000, ವಾರಕ್ಕೆ 250 ಕಟ್. ಯಾರೂ ಜಗಳ ಮಾಡಲ್ಲ. ಕಟ್ ಆದ ಮೇಲೆ ಉಳಿದಿದ್ದರಲ್ಲೇ ಮನೆ ನಡೆಯುತ್ತೆ. ಅಂದರೆ ವಾರ ವಾರ ದುಡ್ಡು ಹಿಡಿಯೋದು, ಹಿಡಿಸಿಕೊಳ್ಳೋದು ನಮಗೆ ಹೊಸದಲ್ಲ. ಖರ್ಚಾಗಿ ಹೋದ ದುಡ್ಡಿಗೆ ಹಿಡಿಯುತ್ತೇವೆ. ಮುಂದೆ ಮಷಿನ್ ಮೇಲೆ ಕೂರೋಕೆ ಆಗದ ದಿನಕ್ಕೆ ಮಾತ್ರ ಹಿಡಿಯಲ್ಲ. ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಇಷ್ಟೇ: ಆ ಪುಸ್ತಕದಲ್ಲಿ ಮುಂಗಡದ ಪಕ್ಕಕ್ಕೆ ಇನ್ನೊಂದು ಕಾಲಂ ಹಾಕಿ. ಯಾವ ಯೋಜನೆಗೆ ಅನ್ನೋದು ಆಮೇಲಿನ ಮಾತು.

ಹೀಗ್ಯಾಕೆ ಹೇಳ್ತೀನಿ ಅಂದರೆ, ಬೇರೆ ದೇಶಗಳು ಇದನ್ನು ಮಾಡಿ ನೋಡಿವೆ. ಬ್ರಿಟನ್‌ನಲ್ಲಿ 2012ರಿಂದ ಒಂದು ಕಾಯ್ದೆ ಜಾರಿಯಲ್ಲಿದೆ. ಮಾಲೀಕ ತನ್ನ ಕೆಲಸಗಾರರನ್ನು ತಾನಾಗಿಯೇ ಪಿಂಚಣಿ ಉಳಿತಾಯಕ್ಕೆ ಸೇರಿಸಬೇಕು. ಬೇಡ ಅನ್ನುವವನು ಬರೆದುಕೊಟ್ಟು ಹೊರಗೆ ಹೋಗಬಹುದು. ಮೊದಲು ದೊಡ್ಡ ಕಂಪನಿಗಳು, ಆಮೇಲೆ ಒಬ್ಬಿಬ್ಬರನ್ನು ಇಟ್ಟುಕೊಂಡ ಅಂಗಡಿಗಳೂ ಒಳಗೆ ಬಂದವು. ಸಣ್ಣ ಮಾಲೀಕನ ದುಡ್ಡನ್ನು ಯಾವ ಕಂಪನಿಯೂ ತೆಗೆದುಕೊಳ್ಳದಿದ್ದರೆ ಏನು ಗತಿ ಅಂತ ಸರ್ಕಾರವೇ ನೆಸ್ಟ್ ಅನ್ನುವ ನಿಧಿ ಶುರು ಮಾಡಿತು. ಹೊರಗೆ ಹೋದವರು ಹತ್ತರಲ್ಲಿ ಒಬ್ಬರ ಆಸುಪಾಸು. ಉಳಿದವರೆಲ್ಲ ಸುಮ್ನೆ ಒಳಗೇ ಇದ್ದರು. ಅದೇ ಜನರಿಗೆ 'ನೀವೇ ಹೋಗಿ ಅರ್ಜಿ ಹಾಕಿ' ಅಂದಿದ್ದರೆ ಎಷ್ಟು ಜನ ಹೋಗುತ್ತಿದ್ದರು ಹೇಳಿ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕ್ಯಾಲ್‌ಸೇವರ್ಸ್ ಅಂತ ಇದೆ, 2019ರಲ್ಲಿ ಶುರುವಾಗಿದ್ದು. ಅಲ್ಲಿ ಮಾಲೀಕ ಒಂದು ಪೈಸೆಯನ್ನೂ ತನ್ನ ಕೈಯಿಂದ ಹಾಕಬೇಕಿಲ್ಲ. ಸಂಬಳದಲ್ಲಿ ನೂರಕ್ಕೆ 5ರಂತೆ ಹಿಡಿದು ಕಳಿಸಿದರೆ ಸಾಕು. ಬೇಡ ಅಂದವರಿಗೆ ಅಲ್ಲೂ ಬಾಗಿಲು ತೆರೆದೇ ಇದೆ.

ನಮ್ಮಲ್ಲಿ ಹಾಗಿಲ್ಲ. 20 ಜನ ಮತ್ತು ಅದಕ್ಕಿಂತ ಜಾಸ್ತಿ ಇರುವ ಕಡೆ ಪಿಎಫ್, ಅಂದರೆ ಭವಿಷ್ಯ ನಿಧಿ, ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದರೆ ಕೆಲಸಗಾರನೇ ಬ್ಯಾಂಕಿಗೆ ಹೋಗಬೇಕು, ಫಾರಂ ತುಂಬಬೇಕು, ತಿಂಗಳು ತಿಂಗಳು ಖಾತೆಯಲ್ಲಿ ದುಡ್ಡು ಇಟ್ಟಿರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮಷಿನ್ ಮೇಲೆ ಕೂತು ರಾತ್ರಿ ಎದ್ದೇಳುವವನಿಗೆ ಬ್ಯಾಂಕ್ ತೆರೆದಿರುವ ಹೊತ್ತು ಯಾವುದು?

ಮೊದಲು ಪಿಎಫ್ ಮಾತಾಡೋಣ. 1952ರ ಕಾಯ್ದೆಯಿಂದ ಬಂದಿದ್ದು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ 20ರ ಗೆರೆ ಹಾಗೇ ಇದೆ. ಗೆರೆ ಅಂದ ಕೂಡಲೇ ಏನಾಗುತ್ತೆ ನಿಮಗೆ ಗೊತ್ತು. ಒಂದೇ ಶೆಡ್ಡಿನಲ್ಲಿ ಎರಡು ಬೋರ್ಡ್. ಒಂದು ಅಣ್ಣನ ಹೆಸರಲ್ಲಿ, ಇನ್ನೊಂದು ತಮ್ಮನ ಹೆಂಡತಿ ಹೆಸರಲ್ಲಿ. ಅಲ್ಲಿ ಹದಿನೆಂಟು, ಇಲ್ಲಿ ಹದಿನೇಳು. (ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ನಕ್ಕರು. ನಾನು ಯಾರ ಹೆಸರನ್ನೂ ಹೇಳಿರಲಿಲ್ಲ.)

ಒಬ್ಬ ಮಾಲೀಕರು ಎದ್ದು ಕೇಳಿದರು: "ಸರ್, ನಮ್ಮ ಕಡೆ ಮಷಿನ್ ಮೇಲೆ ಹದಿನಾಲ್ಕು ಮಂದಿ ಅದಾರ. ದಾರ ಕತ್ತರಿಸೋ ಹೆಣ್ಮಕ್ಕಳು ಮನ್ಯಾಗ ಕುಂತು ಮಾಡ್ತಾರ. ಅವರನ್ನೂ ಎಣಿಸ್ತಾರೇನ್ರಿ?"

ಒಳ್ಳೆ ಪ್ರಶ್ನೆ. ಪೀಸ್ ರೇಟ್ ಅಂದ ಮಾತ್ರಕ್ಕೆ, ಗುತ್ತಿಗೆದಾರನ ಮೂಲಕ ಬಂದವರು ಅಂದ ಮಾತ್ರಕ್ಕೆ ಲೆಕ್ಕದಿಂದ ಬಿಟ್ಟುಹೋಗಲ್ಲ. ಘಟಕದ ಕೆಲಸ ಮಾಡಿ ಅದಕ್ಕೆ ಕೂಲಿ ಪಡೆಯುವವರು ಕೆಲಸಗಾರರೇ. ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೂ ಪಿಎಫ್ ಕಾಯ್ದೆ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಮಾಲು ಕೊಡೋದು ನೀವು, ವಾಪಸ್ ತೆಗೆದುಕೊಂಡು ನೋಡೋದು ನೀವು, ಸರಿ ಇಲ್ಲ ಅಂತ ತಿರುಗಿಸಿ ಕಳಿಸೋದೂ ನೀವು. ಹಾಗಿರುವಾಗ ದಾರ ಕತ್ತರಿಸುವ ಅಕ್ಕನಿಗೂ ನನಗೂ ಸಂಬಂಧ ಇಲ್ಲ ಅನ್ನೋಕೆ ಕಷ್ಟ ಆಗುತ್ತೆ. ತಪಾಸಣೆ ಬಂದಾಗ ವಾದ ಮಾಡೋದಕ್ಕಿಂತ ಈಗಲೇ ತಲೆ ಎಣಿಸಿ ನೋಡಿಕೊಳ್ಳಿ. ಒಮ್ಮೆ 20 ಮುಟ್ಟಿದರೆ ಆಮೇಲೆ ಜನ ಕಡಿಮೆಯಾದರೂ ಕಾಯ್ದೆ ನಿಮ್ಮನ್ನು ಬಿಡಲ್ಲ, ಅದೂ ತಲೆಯಲ್ಲಿರಲಿ.

ನಿಜವಾಗಿಯೂ 20ರ ಒಳಗೆ ಇರುವವರು? ಅವರಿಗೂ ಪಿಎಫ್ ಬಾಗಿಲು ಮುಚ್ಚಿಲ್ಲ. ಮಾಲೀಕ ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಿದರೆ ಸ್ವಂತ ಇಚ್ಛೆಯಿಂದ ಸೇರಬಹುದು. ಹದಿನೈದು ಜನರ ಘಟಕವೂ ಸೇರಬಹುದು, ಆರು ಜನರದ್ದೂ ಸೇರಬಹುದು. ಕೂಲಿಯಲ್ಲಿ ಕೆಲಸಗಾರ ಮತ್ತು ಮಾಲೀಕ ತಲಾ ಕಟ್ಟುವ ಪಾಲು ಎಲ್ಲ ಕಡೆ ನೂರಕ್ಕೆ 12 ಇದ್ದರೆ 20ಕ್ಕಿಂತ ಕಡಿಮೆ ಜನ ಇರುವಲ್ಲಿ ನೂರಕ್ಕೆ 10. ಈ ವಿಷಯವನ್ನು ಯಾರೂ ನಿಮಗೆ ಹುಡುಕಿಕೊಂಡು ಬಂದು ಹೇಳಲ್ಲ.

ಲೆಕ್ಕ ಹಾಕೋಣ. ತಿಂಗಳಿಗೆ 12,000 ದುಡಿಯುವ ಟೈಲರ್, ವಯಸ್ಸು 30. ಅವನ ಕೂಲಿಯಿಂದ 1,200 ಕಟ್. ಮಾಲೀಕನಿಂದ 1,200. ಮಾಲೀಕನ ಆ 1,200ರಲ್ಲಿ 1,000 ಪಿಂಚಣಿ ನಿಧಿಗೆ, 200 ಪಿಎಫ್ ಖಾತೆಗೆ. ಜೊತೆಗೆ ವಿಮೆಗೆ ನೂರಕ್ಕೆ ಅರ್ಧ, ಆಡಳಿತ ವೆಚ್ಚಕ್ಕೆ ನೂರಕ್ಕೆ ಅರ್ಧ. ಒಟ್ಟು ಮಾಲೀಕನಿಗೆ ಬೀಳೋದು ಒಬ್ಬನಿಗೆ 1,320. ಹದಿನೈದು ಜನಕ್ಕೆ 19,800.

ಮುಖಗಳು ಗಂಭೀರವಾದವು ನೋಡಿ. ಸರಿ, ಇದನ್ನೇ ಪ್ಯಾಂಟಿನ ಲೆಕ್ಕದಲ್ಲಿ ನೋಡಿ. ಒಂದು ಪ್ಯಾಂಟಿಗೆ ಹೊಲಿಗೆ ಕೂಲಿ ಎಲ್ಲ ಸೇರಿ 60 ರೂಪಾಯಿ ಅಂತ ಇಟ್ಟುಕೊಳ್ಳಿ. ನೂರಕ್ಕೆ 11ರಂತೆ ಅದರ ಮೇಲೆ ಬೀಳೋದು 6 ರೂಪಾಯಿ 60 ಪೈಸೆ. ಬಟ್ಟೆ, ಜಿಪ್, ಗುಂಡಿ, ವಾಷಿಂಗ್ ಎಲ್ಲ ಸೇರಿದ ಮೇಲೆ ಆ ಪ್ಯಾಂಟು ಹೊರಗೆ ಹೋಗುವ ರೇಟಿನಲ್ಲಿ ಆರೂವರೆ ರೂಪಾಯಿ ಎಷ್ಟು ದೊಡ್ಡದು ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇದು ಸಣ್ಣದು ಅಂತ ನಾನು ಹೇಳಲ್ಲ. ಮಾಲು ಕೊಳ್ಳುವ ಪಾರ್ಟಿ ಒಂದು ರೂಪಾಯಿಗೂ ಚೌಕಾಸಿ ಮಾಡ್ತಾನೆ. ಆದರೆ ಕರೆಂಟ್ ಬಿಲ್ ಜಾಸ್ತಿ ಆದಾಗ, ದಾರದ ರೇಟ್ ಏರಿದಾಗ ಅದನ್ನು ಹೇಗೋ ರೇಟಿನೊಳಗೆ ಕೂರಿಸುತ್ತೀರಿ. ಕೆಲಸಗಾರನ ಮುಪ್ಪು ಮಾತ್ರ ಯಾಕೆ ಕೂರಲ್ಲ ಅನ್ನೋದು ನನ್ನ ಪ್ರಶ್ನೆ.

ಈಗ ಆ ಟೈಲರ್‌ಗೆ ಸಿಗೋದು ಏನು? 2024-25ಕ್ಕೆ ಪಿಎಫ್ ಬಡ್ಡಿ ನೂರಕ್ಕೆ 8.25. ಬಡ್ಡಿ ವರ್ಷ ವರ್ಷ ಬದಲಾಗಬಹುದು. ಇದೇ ಇರುತ್ತೆ, ಕೂಲಿಯೂ 12,000ದಲ್ಲೇ ನಿಂತಿರುತ್ತೆ ಅಂತ ಇಟ್ಟುಕೊಂಡರೆ, 58 ತುಂಬುವಾಗ ಖಾತೆಯಲ್ಲಿ ಸುಮಾರು 17 ಲಕ್ಷ. ಅದರ ಜೊತೆ ಪಿಂಚಣಿ. ಪಿಂಚಣಿಯ ಲೆಕ್ಕ ಸುಲಭ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 28 ವರ್ಷ ಆಯಿತು. 20 ವರ್ಷ ದಾಟಿದವರಿಗೆ 2 ವರ್ಷ ಸೇರಿಸಿ ಕೊಡುತ್ತಾರೆ. ಹಾಗಾಗಿ 30. ತಿಂಗಳಿಗೆ 5,140ರ ಹತ್ತಿರ.

17 ಲಕ್ಷ ಅಂತ ಕೇಳಿ ಯಾರೋ ಸೀಟಿ ಹೊಡೆದರು. ಸ್ವಲ್ಪ ತಡೀರಿ. 28 ವರ್ಷ ಆದ ಮೇಲೆ 17 ಲಕ್ಷಕ್ಕೆ ಈಗಿನ ಬೆಲೆ ಇರಲ್ಲ. ವರ್ಷಕ್ಕೆ ನೂರಕ್ಕೆ ಐದರಂತೆ ಬೆಲೆ ಏರಿದರೂ ಅದು ಇವತ್ತಿನ ಸುಮಾರು ನಾಲ್ಕೂವರೆ ಲಕ್ಷಕ್ಕೆ ಸಮ. ಕೂಲಿ ಏರಿದಂತೆ ಕಟ್ಟುವುದೂ ಏರುತ್ತದೆ, ಅದು ಸಮಾಧಾನ. ಆದರೂ ನಾಲ್ಕೂವರೆ ಲಕ್ಷ ಕೈಯಲ್ಲಿಟ್ಟುಕೊಂಡು ಅರವತ್ತಕ್ಕೆ ಕಾಲಿಡೋದಕ್ಕೂ ಬರಿಗೈಯಲ್ಲಿ ಮಗನ ಮುಖ ನೋಡೋದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಕೆಲಸಗಾರರಿಗೆ ಒಂದು ಮಾತು. ಮಾಲೀಕನ ಪಾಲನ್ನು ನಿಮ್ಮ ಕೂಲಿಯಿಂದ ಹಿಡಿಯುವ ಹಾಗಿಲ್ಲ. 'ಪಿಎಫ್ ಮಾಡಿಸ್ತೀನಿ, ಎರಡೂ ನಿಂದೇ' ಅಂತ ಹೇಳುವ ಪದ್ಧತಿ ಇದೆ. ಅದು ಕಾನೂನಿಗೆ ವಿರುದ್ಧ. ಹಿಡಿದ ದುಡ್ಡನ್ನು ಕಟ್ಟದೆ ಇಟ್ಟುಕೊಳ್ಳೋದು ಅದಕ್ಕಿಂತ ದೊಡ್ಡ ಅಪರಾಧ, ನಂಬಿಕೆ ದ್ರೋಹದ ಕೇಸ್ ಆಗುತ್ತೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟಿದ್ದಾರೋ ಇಲ್ಲವೋ ಅಂತ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆಗೆದು ನೀವೇ ನೋಡಬಹುದು. ಮಕ್ಕಳಿಗೆ ಹೇಳಿ, ಎರಡು ನಿಮಿಷದಲ್ಲಿ ತೋರಿಸ್ತಾರೆ.

ಇಲ್ಲಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ನಾಲ್ಕು ವರ್ಷ ದುಡಿದು ವಾಪಸ್ ಬಂದವರು ಈ ಸಭೆಯಲ್ಲೂ ಇದ್ದೀರಿ. ಕೈ ಎತ್ತಿ. ಇಷ್ಟು ಜನ. ಅಲ್ಲಿಯ ಪಿಎಫ್ ಏನು ಮಾಡಿದಿರಿ? (ಬಹುತೇಕ ಎಲ್ಲರೂ 'ತೆಗೆದ್ವಿ ಸರ್' ಅಂದರು.) ಬಯ್ಯಲ್ಲ, ಹೆದರಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗೆ ಇಳಿದಿದ್ದು ನೆನಪಿರಬೇಕು. ಮಾಲೀಕನ ಪಾಲನ್ನು 58 ತುಂಬುವವರೆಗೆ ತೆಗೆಯೋಕೆ ಬಿಡಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಆ ಸಿಟ್ಟಿಗೆ ನಿಯಮವನ್ನೇ ವಾಪಸ್ ತೆಗೆದುಕೊಂಡರು. ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ನಲವತ್ತಕ್ಕೇ ಕೆಲಸ ಬಿಡಿಸುವ ಜಾಗದಲ್ಲಿ 58ರ ಮಾತು ಆಡಿದರೆ ಯಾರು ಕೇಳ್ತಾರೆ? ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ಅಂದರೆ ಮಗಳ ಕಾಲೇಜು ಫೀಸು, ತವರಿನ ಸಾಲ.

ಆದರೆ ತೆಗೆಯುವಾಗ ಒಂದು ವಿಷಯ ನೋಡಿ. ಪಿಎಫ್ ಬೇರೆ, ಪಿಂಚಣಿ ಸೇವೆ ಬೇರೆ. ಪಿಂಚಣಿ ಬೇಕಾದರೆ ಒಟ್ಟು 10 ವರ್ಷ ಸೇವೆ ಬೇಕು. ಅಲ್ಲಿ ನಾಲ್ಕು ವರ್ಷ, ಇಲ್ಲಿ ಆರು ವರ್ಷ ಕೂಡಿದರೂ ಆಯಿತು. ಫಾರಂ 10-ಸಿ ಹಾಕಿ ಪಿಂಚಣಿ ದುಡ್ಡನ್ನೂ ತೆಗೆದುಬಿಟ್ಟರೆ ಆ ನಾಲ್ಕು ವರ್ಷ ಹೋದಂತೆ. ಅದೇ ಫಾರಂನಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್, ಅಂದರೆ ಆ ಸೇವೆಯ ವರ್ಷಗಳನ್ನು ಉಳಿಸಿಕೊಡುವ ಪತ್ರ, ಕೇಳಬಹುದು. ಕಂಪ್ಯೂಟರ್ ಸೆಂಟರ್‌ನವನು ಅದನ್ನು ಕೇಳಲ್ಲ, 'ಎಲ್ಲಾ ತೆಗೀಲಾ ಅಕ್ಕ?' ಅಂತಾನೆ, ನೀವು ಹೂಂ ಅಂತೀರಿ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಈ ವಿಷಯದಲ್ಲಿ ತೀರ್ಮಾನ ಮಾಡಿದೆ: ಕಟ್ಟಿದ್ದರಲ್ಲಿ ಕಾಲು ಭಾಗ ಖಾತೆಯಲ್ಲೇ ಉಳಿಯಬೇಕು, ಪೂರ್ತಿ ತೆಗೆಯೋಕೆ ಕೆಲಸ ಬಿಟ್ಟು 2 ತಿಂಗಳ ಬದಲು 12 ತಿಂಗಳು, ಪಿಂಚಣಿ ದುಡ್ಡಿಗೆ 36 ತಿಂಗಳು ಕಾಯಬೇಕು. ಸಿಟ್ಟು ಬರಿಸುವ ತೀರ್ಮಾನವೇ. ಆದರೆ ಪಿಂಚಣಿ ಸೇವೆ ತುಂಡಾಗದೆ ಉಳಿಯುತ್ತೆ ಅನ್ನುವ ಕಾರಣಕ್ಕೆ ನಾನು ಆ 36 ತಿಂಗಳ ಪರವಾಗಿಯೇ ಇದ್ದೇನೆ.

ಇನ್ನು ಪಿಎಫ್ ಬೇಡವೇ ಬೇಡ ಅನ್ನುವ ಘಟಕಗಳು. ಅಲ್ಲಿಯ ಕೆಲಸಗಾರನಿಗೆ ಎರಡು ದಾರಿ. ಅಟಲ್ ಪಿಂಚಣಿ, 2015ರಲ್ಲಿ ಬಂದಿದ್ದು. 18ರಿಂದ 40 ವಯಸ್ಸಿನವರು, ಬ್ಯಾಂಕ್ ಇಲ್ಲಾ ಪೋಸ್ಟಾಫೀಸ್ ಖಾತೆ ಇರಬೇಕು, ಆದಾಯ ತೆರಿಗೆ ಕಟ್ಟುವವರಾಗಿರಬಾರದು. 60ರ ಮೇಲೆ ತಿಂಗಳಿಗೆ 1,000ದಿಂದ 5,000. 5,000 ಬೇಕಾದರೆ 18ರ ಹುಡುಗ ತಿಂಗಳಿಗೆ 210 ಕಟ್ಟಬೇಕು, 30ರವನು 577, 40ರವನು 1,454. ತಡ ಮಾಡಿದಷ್ಟೂ ಏರುತ್ತೆ. ಗಂಡ ತೀರಿಕೊಂಡರೆ ಹೆಂಡತಿಗೆ ಅಷ್ಟೇ ಪಿಂಚಣಿ, ಇಬ್ಬರೂ ಹೋದ ಮೇಲೆ ನಾಮಿನಿಗೆ 8.5 ಲಕ್ಷ.

ಇನ್ನೊಂದು ಶ್ರಮಯೋಗಿ ಮಾನ್‌ಧನ್, 2019ರದ್ದು. ತಿಂಗಳಿಗೆ 15,000ದ ಒಳಗೆ ದುಡಿಯುವ, ಪಿಎಫ್ ಮತ್ತು ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಇಲ್ಲದವರಿಗೆ. 30ರವನು 105 ಕಟ್ಟಿದರೆ ಸರ್ಕಾರ 105 ಹಾಕುತ್ತೆ. 60ರ ಮೇಲೆ 3,000. ಸಣ್ಣ ಅಂಗಡಿಯವರಿಗೆ ಇದೇ ಥರದ್ದು ಬೇರೆ ಇದೆ, ವರ್ಷದ ವಹಿವಾಟು 1.5 ಕೋಟಿ ಒಳಗಿದ್ದರೆ. ಮಾಲೀಕರೇ, ನಿಮ್ಮಲ್ಲಿ ಎಷ್ಟೋ ಜನಕ್ಕೆ ನಿಮ್ಮದೇ ಪಿಂಚಣಿ ಇಲ್ಲ ಅನ್ನೋದು ನನಗೆ ಗೊತ್ತು.

ಈ ಎರಡರಲ್ಲೂ ನನಗೆ ಕಾಣುವ ಕೊರತೆ ಹೇಳಿಬಿಡ್ತೀನಿ. ಮೊತ್ತ ಇವತ್ತೇ ಬರೆದಿಟ್ಟಿದ್ದು, ಬೆಲೆ ಏರಿದಂತೆ ಏರಲ್ಲ. ಇವತ್ತು 30 ಇರುವವನಿಗೆ 60ರಲ್ಲಿ ಸಿಗುವ 5,000, ಬೆಲೆ ವರ್ಷಕ್ಕೆ ನೂರಕ್ಕೆ ಐದರಂತೆ ಏರುವ ಮೊದಲಿನ ಲೆಕ್ಕದಲ್ಲೇ, ಈಗಿನ 1,150ರ ಹಾಗೆ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ ಒಂದು ರೂಪಾಯಿ ಕಟ್ಟದ ಬಡ ಮುದುಕಿಗೂ 1,200 ಕೊಡುತ್ತಾರೆ! ಹಾಗಂತ ಅಟಲ್ ಬೇಡ ಅಂತಲ್ಲ. ಅದೊಂದನ್ನೇ ನಂಬಿ ಕೂರಬೇಡಿ.

ಇನ್ನೊಂದು ಕೊರತೆ ಖಾತೆಯದ್ದು. ಅಟಲ್ ಕಂತು ಖಾತೆಯಿಂದ ತಾನಾಗಿಯೇ ಹೋಗುತ್ತೆ. ಕೂಲಿ ನೋಟಿನಲ್ಲಿ ಕೈಗೆ ಬಂದರೆ ಖಾತೆ ಖಾಲಿ. ಕಂತು ತಪ್ಪುತ್ತೆ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ. ನಾಲ್ಕು ಸಲ ಆದರೆ ಕೆಲಸಗಾರ ಬೇಸತ್ತು ಬಿಡ್ತಾನೆ. ಇಲ್ಲಿ ಮಾಲೀಕ ಖರ್ಚಿಲ್ಲದೆ ಒಂದು ಉಪಕಾರ ಮಾಡಬಹುದು. ಕಂತಿನ ತಾರೀಖಿನ ಹಿಂದಿನ ಶನಿವಾರ ಬಟವಾಡೆಯಲ್ಲಿ 577 ಹಿಡಿದು, ಆ ಹಣವನ್ನು ಅವನ ಖಾತೆಗೇ ಫೋನ್‌ನಿಂದ ಹಾಕಿಬಿಡಿ. ಪುಸ್ತಕದ ಹೊಸ ಕಾಲಂನಲ್ಲಿ ಬರೆಯಿರಿ, ಅವನ ಸಹಿ ಹಾಕಿಸಿಕೊಳ್ಳಿ. ನಿಮ್ಮ ಕೈಯಿಂದ ಏನೂ ಹೋಗಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಮಾಡಿಸುತ್ತಿರುವುದನ್ನೇ ಇಲ್ಲಿ ನೀವು ಮನಸ್ಸು ಮಾಡಿ ಮಾಡಿದಂತೆ.

ಹೆಣ್ಣುಮಕ್ಕಳಿಗೆ ಬೇರೆ ದಾರಿಯೂ ಇದೆ. ಗೃಹಲಕ್ಷ್ಮಿಯ 2,000 ನೇರ ಖಾತೆಗೇ ಬರುತ್ತಲ್ಲ. 35ರ ಅಕ್ಕನಿಗೆ 5,000ದ ಅಟಲ್ ಕಂತು 902. ಅದೇ ಖಾತೆಗೆ ಅಟಲ್ ಜೋಡಿಸಿದರೆ ದುಡ್ಡು ಬಂದಾಗ ಕಂತು ಹೋಗಿರುತ್ತೆ. ಕಂತು ತಿಂಗಳಿಗೆ ಬೇಡ ಅಂದರೆ ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಅಂತಲೂ ಇಟ್ಟುಕೊಳ್ಳಬಹುದು. ಗೃಹಲಕ್ಷ್ಮಿ ಎರಡು ತಿಂಗಳು ತಡ ಆದರೆ? ಅಂತ ಯಾರೋ ಕೇಳಿದರು. ಅದಕ್ಕೇ ಮೂರು ತಿಂಗಳಿಗೊಮ್ಮೆ ಅಂದಿದ್ದು.

ರಾಯಚೂರಿನ ಹತ್ತಿ ಜಿನ್ನಿಂಗ್, ಗಂಗಾವತಿಯ ಅಕ್ಕಿ ಗಿರಣಿ ಕಡೆಯಿಂದಲೂ ಕೆಲವರು ಬಂದಿದ್ದೀರಿ. ನಿಮ್ಮದು ಸೀಸನ್ ಕೆಲಸ. ಸೀಸನ್‌ನಲ್ಲಿ ಕೈ ತುಂಬ, ಆಮೇಲೆ ಖಾಲಿ. ನಿಮಗೆ ಆರು ತಿಂಗಳ ಕಂತೇ ಸರಿ. ಭತ್ತ ಬಂದಾಗ ಕಟ್ಟಿಬಿಡಿ.

ಕೊನೆಗೆ ಒಬ್ಬರು ಕೈ ಎತ್ತಿದರು. ಓವರ್‌ಲಾಕ್ ಮಷಿನ್ ಮೇಲಿರುವವರು, ತಲೆ ಪೂರ್ತಿ ಬೆಳ್ಳಗಾಗಿತ್ತು. "ನಂಗೆ ಐವತ್ತೆರಡು ಆತ್ರಿ. ನೀವು ಹೇಳಿದ್ದೆಲ್ಲ ನಲವತ್ತರ ಒಳಗಿನವ್ರಿಗೆ. ನಂಗೇನೈತಿ?"

ಹೌದು ಅಣ್ಣಾ. ಅಟಲ್ ಇಲ್ಲ, ಮಾನ್‌ಧನ್ ಇಲ್ಲ. ಎರಡೂ 40ಕ್ಕೆ ಬಾಗಿಲು ಹಾಕುತ್ತವೆ. ನಿಮ್ಮ ವಯಸ್ಸಿನವರಿಗೆ ಉಳಿದಿರುವುದು ಮಾಲೀಕನ ಮೂಲಕ ಬರುವ ಪಿಎಫ್, ಇಲ್ಲಾ ನೀವೇ ತೆರೆಯುವ ರಾಷ್ಟ್ರೀಯ ಪಿಂಚಣಿ ಖಾತೆ, ಅಂದರೆ ಎನ್‌ಪಿಎಸ್. ಎನ್‌ಪಿಎಸ್‌ಗೆ ಅರವತ್ತು ದಾಟಿದವರೂ ಸೇರಬಹುದು, ಆದರೆ ಅದರಲ್ಲಿ ಮಾರುಕಟ್ಟೆಯ ಏರಿಳಿತ ಇದೆ. ಪಿಎಫ್ ಆದರೆ, 12,000 ಕೂಲಿಗೆ ಆರು ವರ್ಷದಲ್ಲಿ ಖಾತೆಯಲ್ಲಿ ಸುಮಾರು 1 ಲಕ್ಷ 28 ಸಾವಿರ ಆಗುತ್ತೆ. 10 ವರ್ಷ ತುಂಬದ ಕಾರಣ ತಿಂಗಳ ಪಿಂಚಣಿ ಬರಲ್ಲ, ಪಿಂಚಣಿ ಭಾಗದ ದುಡ್ಡು ಒಟ್ಟಿಗೆ ವಾಪಸ್ ಬರುತ್ತೆ. ಹಿಂದೆ ಎಲ್ಲಾದರೂ ಪಿಎಫ್ ಇದ್ದ ಕಡೆ ದುಡಿದಿದ್ದರೆ, ಆ ಪಿಂಚಣಿ ದುಡ್ಡು ತೆಗೆಯದೆ ಬಿಟ್ಟಿದ್ದರೆ, ಆ ವರ್ಷಗಳು ಇದಕ್ಕೆ ಕೂಡುತ್ತವೆ. ನೆನಪು ಮಾಡಿಕೊಳ್ಳಿ, ಹಳೆ ಚೀಟಿ ಹುಡುಕಿ. ಕೆಲಸದಲ್ಲಿದ್ದಾಗ ಏನಾದರೂ ಆದರೆ ಹೆಂಡತಿಗೆ ತಿಂಗಳ ಪಿಂಚಣಿ ಇದೆ, ಅದಕ್ಕೆ 10 ವರ್ಷ ಬೇಕಿಲ್ಲ, ಒಂದು ತಿಂಗಳು ಕಟ್ಟಿದ್ದರೂ ಸಾಕು. ಅದರ ಮೇಲೆ ಪಿಎಫ್ ವಿಮೆ, ಗರಿಷ್ಠ 7 ಲಕ್ಷದವರೆಗೆ.

ಮಾಲೀಕರಿಗೆ ಈ ಅಣ್ಣನ ವಯಸ್ಸನ್ನು ಇಟ್ಟುಕೊಂಡೇ ಹೇಳ್ತೀನಿ. ಪುಸ್ತಕ ತೆಗೆದು 45ರಿಂದ 48ರ ನಡುವೆ ಯಾರಿದ್ದಾರೆ ನೋಡಿ. 47ರವನು ಈ ವರ್ಷ ಸೇರಿದರೆ 58ಕ್ಕೆ 11 ವರ್ಷ ಆಗುತ್ತೆ, 12,000ಕ್ಕೆ ತಿಂಗಳಿಗೆ 1,885ರಷ್ಟು ಪಿಂಚಣಿ, ಅವನ ನಂತರ ಹೆಂಡತಿಗೆ ಅದರ ಅರ್ಧ, ಸಾವಿರಕ್ಕೆ ಕಡಿಮೆ ಇಲ್ಲದಂತೆ. ಎರಡು ವರ್ಷ ಬಿಟ್ಟು ಸೇರಿಸಿದರೆ 10 ವರ್ಷ ತುಂಬಲ್ಲ, ಪಿಂಚಣಿಯೇ ಇಲ್ಲ. ಅಂಥವರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೆ ಪಿಎಫ್ ನಂಬರ್ ಇದ್ದರೆ ಅದು, ಇಷ್ಟು ಮೊದಲು ಜೋಡಿಸಿಕೊಳ್ಳಿ. ಆಧಾರ್‌ನಲ್ಲಿ ಹುಟ್ಟಿದ ವರ್ಷ ಸರಿ ಇದೆಯಾ ಅಂತ ಆಗಲೇ ನೋಡಿ, ಜನವರಿ 1 ಅಂತ ಅಂದಾಜಿಗೆ ಬರೆಸಿದವರೇ ನಮ್ಮಲ್ಲಿ ಜಾಸ್ತಿ.